ಬೌದ್ಧ ಧರ್ಮ ನಮ್ಮ ಭಾಗಕ್ಕೆ ಹೊಸದೇ? ಸನ್ನತಿಯ ಕಲ್ಲುಗಳು ಹೇಳುವುದೇನು?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಬೌದ್ಧ ಧರ್ಮ ಬಂದದ್ದೇ 1956ರಲ್ಲಿ ಡಾ. ಅಂಬೇಡ್ಕರ್ ನಾಗಪುರದಲ್ಲಿ ದೀಕ್ಷೆ ಪಡೆದ ಮೇಲೆ ಎಂದು ನಂಬಿದವರಿದ್ದಾರೆ. ಇದು ಅರ್ಧ ಸತ್ಯ. ಅಂಬೇಡ್ಕರ್ ಹಚ್ಚಿದ ದೀಪ ದೊಡ್ಡದು. ಆದರೆ ಈ ನೆಲದಲ್ಲಿ ಅದರ ಬೇರು ಎರಡು ಸಾವಿರ ವರ್ಷಕ್ಕೂ ಹಳೆಯದು.

ಸಾಕ್ಷಿ ಎಲ್ಲಿದೆ?

ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ನದಿಯ ದಂಡೆಯಲ್ಲಿ. 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ವಿಗ್ರಹದ ಪೀಠವಾಗಿದ್ದ ಚಪ್ಪಡಿ ಅಶೋಕನ ಶಾಸನವೆಂದು ತಿಳಿಯಿತು. ಸಮೀಪದ ಕನಗನಹಳ್ಳಿಯ ಉತ್ಖನನದಲ್ಲಿ ಮಹಾಸ್ತೂಪ ಸಿಕ್ಕಿತು. ಶಾಸನಗಳಲ್ಲಿ ಅದರ ಹೆಸರು 'ಅಧೋಲೋಕ ಮಹಾಚೈತ್ಯ'. ಅಲ್ಲಿನ ಒಂದು ಶಿಲ್ಪದಲ್ಲಿ ರಾಜ, ರಾಣಿ. ಮೇಲೆ ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ'. ಶಿಲ್ಪಗಳ ಕಲ್ಲು ಸ್ಥಳೀಯ ಸುಣ್ಣಕಲ್ಲು. ಇಂದು ನಮ್ಮ ಫರ್ಸಿಗೂ ಸಿಮೆಂಟಿಗೂ ಹೋಗುವುದು ಸುಣ್ಣಕಲ್ಲೇ.

ಬುದ್ಧ ದೇವರೇ?

ಬುದ್ಧ ತನ್ನನ್ನು ದೇವರೆನ್ನಲಿಲ್ಲ. ಸೃಷ್ಟಿಕರ್ತ ದೇವರ ಕಲ್ಪನೆ ಬೌದ್ಧ ಧರ್ಮದಲ್ಲಿಲ್ಲ. ಕನಗನಹಳ್ಳಿಯ ಅನೇಕ ಶಿಲ್ಪಗಳಲ್ಲಿ ಬುದ್ಧನ ಬದಲು ಬೋಧಿವೃಕ್ಷ, ಧರ್ಮಚಕ್ರ, ಪಾದ, ಖಾಲಿ ಆಸನ ಕಾಣುತ್ತವೆ. ಬುದ್ಧನ ವಿಗ್ರಹಗಳೂ ಅಲ್ಲಿ ಸಿಕ್ಕಿವೆ.

ಬದುಕೆಲ್ಲ ದುಃಖವೇ?

ಇದೂ ತಪ್ಪು ತಿಳಿವಳಿಕೆ. ನಾಲ್ಕು ಆರ್ಯಸತ್ಯಗಳನ್ನು ವೈದ್ಯರ ಚೀಟಿಯಂತೆ ಓದಬಹುದು: ದುಃಖವಿದೆ, ಅದಕ್ಕೆ ಕಾರಣ ತೃಷ್ಣೆ, ಅದು ಗುಣವಾಗುತ್ತದೆ, ಮದ್ದು ಅಷ್ಟಾಂಗ ಮಾರ್ಗ. ಅಂದರೆ ಸರಿಯಾದ ದೃಷ್ಟಿ, ಸಂಕಲ್ಪ, ಮಾತು, ಕೆಲಸ, ಜೀವನೋಪಾಯ, ಪ್ರಯತ್ನ, ಎಚ್ಚರ, ಸಮಾಧಿ. ಗೃಹಸ್ಥರಿಗೆ ಪಂಚಶೀಲ: ಕೊಲ್ಲಬೇಡ, ಕದಿಯಬೇಡ, ವ್ಯಭಿಚಾರ ಬೇಡ, ಸುಳ್ಳು ಬೇಡ, ಅಮಲು ಬೇಡ. ಬುದ್ಧ, ಧಮ್ಮ, ಸಂಘ ಈ ಮೂರಕ್ಕೆ ಶರಣಾಗುವುದೇ ತ್ರಿಶರಣ.

ಇಂದಿಗೆ ಇದೇಕೆ ಮುಖ್ಯ?

ಸನ್ನತಿಯ ಚಪ್ಪಡಿಯಲ್ಲಿ ಅಶೋಕನ ಹನ್ನೆರಡನೆಯ ಶಿಲಾಶಾಸನವೂ ಇದೆ. ತನ್ನ ಪಂಥವನ್ನು ಹೊಗಳಲು ಬೇರೆಯವರದನ್ನು ತೆಗಳುವವನು ತನ್ನ ಪಂಥಕ್ಕೇ ಹಾನಿ ಮಾಡುತ್ತಾನೆ ಎಂಬುದು ಅದರ ಸಾರ. ವಿಗ್ರಹ ನಿಲ್ಲಿಸಲು ನಡುವೆ ತೂತು ಕೊರೆದಿದ್ದರಿಂದ ಕೆಲವು ಅಕ್ಷರ ಹಾಳಾಗಿವೆ. ಆದರೆ ಪೀಠವಾಗಿ ಬಳಸಿದ್ದರಿಂದಲೇ ಆ ಕಲ್ಲು ಗುಡಿಯೊಳಗೆ ಉಳಿಯಿತು ಎಂಬುದೂ ನಿಜ. 'ಇದು ಯಾರ ಜಾಗ' ಎಂಬ ಜಗಳಕ್ಕೆ ಸನ್ನತಿಯನ್ನು ಎಳೆಯುವ ಮೊದಲು ಆ ಕಲ್ಲಿನ ಮಾತನ್ನೇ ಒಮ್ಮೆ ಕೇಳುವುದು ಒಳ್ಳೆಯದು.