ಮರಳು ಗುಂಡಿಯಲ್ಲಿ ಸಿಲುಕಿದ ಎತ್ತರ ಜಿಗಿತ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ಒಳಗೊಂಡ ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಬದಲಾಯಿತು. ಶಾಲಾ ಕ್ರೀಡಾಕೂಟದ ಸ್ಪರ್ಧೆಗಳು ಮಾತ್ರ ಹಳೆಯವೇ. ಎತ್ತರ ಜಿಗಿತವೂ ಅವುಗಳಲ್ಲೊಂದು. ಓಟಕ್ಕೆ ಸಮತಟ್ಟಾದ ನೆಲವಿದ್ದರೆ ಸಾಕು. ಎತ್ತರ ಜಿಗಿತಕ್ಕೆ ಬೀಳುವ ಜಾಗವೂ ಸರಿಯಿರಬೇಕು.

ಜಿಗಿತದ ಎತ್ತರ ಕಾಲು ನೆಲ ಬಿಡುವ ಗಳಿಗೆಯಲ್ಲೇ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ. ಶ್ರೇಷ್ಠ ಪುರುಷ ಜಿಗಿತಗಾರ ಸೆಕೆಂಡಿಗೆ 7ರಿಂದ 8 ಮೀಟರ್ ವೇಗದಲ್ಲಿ ಓಡಿಬಂದು, ಕೊನೆಯ ನಾಲ್ಕೈದು ಹೆಜ್ಜೆಗಳನ್ನು ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ಇಡುತ್ತಾನೆ. ತಿರುವಿನಲ್ಲಿ ಬೈಕ್ ಸವಾರ ವಾಲುವಂತೆ ದೇಹ ಒಳಕ್ಕೆ ವಾಲುತ್ತದೆ. ಮಂಡಿಯನ್ನು ಹೆಚ್ಚು ಮಡಿಸದೆಯೇ ಗುರುತ್ವ ಕೇಂದ್ರ ತಗ್ಗುತ್ತದೆ. ಚಿಮ್ಮುವ ಕಾಲನ್ನು ದೇಹಕ್ಕಿಂತ ಮುಂದೆ ಊರಿದಾಗ ಮುನ್ನುಗ್ಗುವ ವೇಗದ ಒಂದು ಪಾಲು ಮೇಲ್ಮುಖವಾಗುತ್ತದೆ. ಪಾದ ನೆಲದ ಮೇಲಿರುವುದು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಮೇಲೆದ್ದರೆ ಗುರುತ್ವ ಕೇಂದ್ರ ಸುಮಾರು 82 ಸೆಂಟಿಮೀಟರ್ ಏರುತ್ತದೆ; ವೇಗ 4.5 ಮೀಟರ್ ಆದರೆ 103 ಸೆಂಟಿಮೀಟರ್. ಬೆನ್ನು ಬಾಗಿಸಿ ತಲೆ, ಸೊಂಟ, ಕಾಲುಗಳನ್ನು ಒಂದಾದ ಮೇಲೊಂದರಂತೆ ದಾಟಿಸುವುದರಿಂದ ಅದೇ ಏರಿಕೆಯಲ್ಲಿ ಇನ್ನಷ್ಟು ಎತ್ತರದ ಪಟ್ಟಿ ದಾಟಲು ಸಾಧ್ಯವಾಗುತ್ತದೆ.

ದಕ್ಷಿಣ ಕನ್ನಡ ಮೂಲದ ಸಹನಾ ಕುಮಾರಿ 2012ರ ಜೂನ್‌ನಲ್ಲಿ ಹೈದರಾಬಾದಿನಲ್ಲಿ 1.92 ಮೀಟರ್ ಜಿಗಿದು ರಾಷ್ಟ್ರೀಯ ದಾಖಲೆ ಬರೆದರು, ಲಂಡನ್ ಒಲಿಂಪಿಕ್ಸ್‌ಗೆ ಅರ್ಹತೆಯನ್ನೂ ಪಡೆದರು. ಲಂಡನ್‌ನಲ್ಲಿ ಅವರು ದಾಟಿದ್ದು 1.80 ಮೀಟರ್. ಹನ್ನೆರಡು ಸೆಂಟಿಮೀಟರ್ ದೊಡ್ಡ ಅಂತರವೆಂದು ತೋರುತ್ತದೆ. ಲೆಕ್ಕ ಹಾಕಿದರೆ ಅದು ಮೇಲೇಳುವ ವೇಗದಲ್ಲಿ ಸುಮಾರು ಶೇಕಡ 8ರ ವ್ಯತ್ಯಾಸ, ಅಷ್ಟೇ. ಅಂಥ ಸೂಕ್ಷ್ಮವನ್ನು ಕಾಲುಗಳು ಕಲಿಯುವುದು ಸಾವಿರಾರು ಬಾರಿ ಜಿಗಿದ ಮೇಲೆ, ಅದೂ ಎಳೆಯ ವಯಸ್ಸಿನಿಂದಲೇ.

ಸಮಸ್ಯೆ ಇರುವುದು ಇಲ್ಲಿ. ಬೆನ್ನು ಕೆಳಗಾಗಿ ಬೀಳುವ ಈ ಶೈಲಿಗೆ ಹೆಸರು ಕೊಟ್ಟ ಡಿಕ್ ಫಾಸ್ಬರಿ 1968ರಲ್ಲಿ ಮೆಕ್ಸಿಕೋದಲ್ಲಿ 2.24 ಮೀಟರ್ ಜಿಗಿದು ಚಿನ್ನ ಗೆದ್ದರು. ಅಮೆರಿಕದಲ್ಲಿ ಮೊದಮೊದಲು ಫೋಮ್ ಹಾಸು ಬಂದ ಶಾಲೆಗಳಲ್ಲಿ ಅವರ ಮೆಡ್‌ಫರ್ಡ್ ಶಾಲೆಯೂ ಒಂದೆಂಬುದು ಕಾಕತಾಳೀಯವಲ್ಲ. ಮರಳಿನ ಮೇಲೆ ಹಾಗೆ ಬಿದ್ದರೆ ಪೆಟ್ಟು ಕತ್ತಿಗೆ, ಬೆನ್ನುಮೂಳೆಗೆ. ಆದ್ದರಿಂದ ಮರಳು ಗುಂಡಿಯಷ್ಟೇ ಇರುವ ಶಾಲೆಯಲ್ಲಿ ದೈಹಿಕ ಶಿಕ್ಷಕರು ಕತ್ತರಿ ಶೈಲಿಗಿಂತ ಮುಂದೆ ಹೋಗಲಾರರು, ಹೋಗಲೂ ಕೂಡದು. ಮಗುವಿನ ಕಾಲಿನಲ್ಲಿ ಕಸುವಿದ್ದರೂ ಕಲಿಕೆ ಅಲ್ಲಿಗೇ ನಿಲ್ಲುತ್ತದೆ.

ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಈ ನಾಲ್ಕೂ ಪಟ್ಟಣಗಳಿಂದ ಸರಿಸುಮಾರು 50–60 ಕಿಲೋಮೀಟರ್ ದೂರ. ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ನಿತ್ಯ ಹೋಗಿಬರುವ ದಾರಿಯಲ್ಲ ಅದು. ಕೆಳಹಂತದ ಸ್ಪರ್ಧೆಗಳಿಗೆ ಅಂತರರಾಷ್ಟ್ರೀಯ ನಿಯಮ ಹೇಳುವ ಹಾಸು 5 ಮೀಟರ್ ಉದ್ದ, 3 ಮೀಟರ್ ಅಗಲ. ಪಟ್ಟಣಕ್ಕೊಂದರಂತೆ ಲೆಕ್ಕ ಹಾಕಿದರೆ ನಾಲ್ಕು ಹಾಸುಗಳು, ಅವುಗಳ ಮುಂದೆ ಬಾಗಿ ಓಡಲು 15 ಮೀಟರ್ ಗಟ್ಟಿ ನೆಲ, ಮಳೆಗೆ ನೆನೆಯದಂತೆ, ಇಲಿ ಕಡಿಯದಂತೆ ಇಡಲು ಒಂದೊಂದು ಶೆಡ್ಡು. ಒಂದು ಹೊಸ ಕ್ರೀಡಾಂಗಣದ ಶಂಕುಸ್ಥಾಪನೆಗಿಂತ ಇದು ಚಿಕ್ಕ ಕೆಲಸ.