ಉಡುಪಿಯ ಬೈಕು, ಷಿಕಾಗೋ ಬೀದಿ, ನಮ್ಮ ಮೌನ

"ಗೇಮಿಗೆಲ್ಲ ಎಂಥ ವಿಮರ್ಶೆ ಮಾರಾಯ?" ಎಂದು ಕೇಳುವವರು ನನ್ನ ಗೆಳೆಯರಲ್ಲೇ ಬೇಕಾದಷ್ಟು ಮಂದಿ ಇದ್ದಾರೆ. ಕಥೆ ಬರೆಯುವವರು, ಕವಿತೆ ಬರೆಯುವವರು, ಆಮೂರರನ್ನೂ ಕುರ್ತಕೋಟಿಯವರನ್ನೂ ಓದಿಕೊಂಡವರು. ಅವರಿಗೆ ನನ್ನದೊಂದು ಪ್ರಶ್ನೆ. ಕರ್ನಾಟಕದ ಒಂದು ಸಣ್ಣ ಊರಿನಲ್ಲಿ ತಯಾರಾಗಿ, ಕೋಟಿಗೂ ಹೆಚ್ಚು ಸಲ ಫೋನುಗಳಿಗೆ ಇಳಿದ ಕೃತಿಯೊಂದನ್ನು ಹೆಸರಿಸಿ ನೋಡೋಣ. ಕಾದಂಬರಿ ಹೇಳುತ್ತೀರಾ? ನಾಟಕ?

ನಾನೇ ಹೇಳುತ್ತೇನೆ. 'ಧೂಮ್ 3: ದ ಗೇಮ್'. 2013ರ ಡಿಸೆಂಬರಿನಲ್ಲಿ ಆಮಿರ್ ಖಾನ್ ಸಿನಿಮಾ ತೆರೆಗೆ ಬಂದಾಗ ಅದರ ಬೆನ್ನಿಗಂಟಿಕೊಂಡೇ ಬಂದ ಮೊಬೈಲ್ ಆಟ. ಮಾಡಿದ್ದು ಮುಂಬಯಿಯವರಲ್ಲ, ಹೈದರಾಬಾದಿನವರಲ್ಲ. ಉಡುಪಿಯ 99ಗೇಮ್ಸ್. ರೋಬೋಸಾಫ್ಟ್ ಕಟ್ಟಿದ ರೋಹಿತ್ ಭಟ್ ಅವರ ಇನ್ನೊಂದು ಸಂಸ್ಥೆ. ಷಿಕಾಗೋದ ಬೀದಿಗಳಲ್ಲಿ ಪೊಲೀಸರಿಂದ ತಪ್ಪಿಸಿಕೊಳ್ಳುತ್ತ, ವಾಹನಗಳ ನಡುವೆ ನುಸುಳುತ್ತ ಓಡುವ ಆ ಬೈಕಿಗೆ ಜೀವ ಬಂದದ್ದು ಮಠದ ಬೀದಿಯ ಊರಿನಲ್ಲಿ.

ಅದರ ಬಗ್ಗೆ ಕನ್ನಡದಲ್ಲಿ ಏನು ಬಂತು? ನಾನು ಓದಿದ್ದೆಲ್ಲ ಎರಡೇ ಬಗೆ. 'ಉಡುಪಿ ಹುಡುಗರ ಸಾಧನೆ' ಎಂಬ ಸಂಭ್ರಮ, ಆಮೇಲೆ ಡೌನ್‌ಲೋಡ್ ಲೆಕ್ಕ. ಆಟ ಹೇಗಿದೆ, ಬೈಕು ಹೇಗೆ ತಿರುಗುತ್ತದೆ, ಹತ್ತು ನಿಮಿಷ ಆಡಿದ ಮೇಲೆ ಮನಸ್ಸಿನಲ್ಲಿ ಏನು ಉಳಿಯುತ್ತದೆ ಎಂದು ಬರೆದ ಒಂದು ಪ್ಯಾರಾ ನನ್ನ ಕಣ್ಣಿಗೆ ಬೀಳಲಿಲ್ಲ. ಡೌನ್‌ಲೋಡ್ ಎಣಿಸುವುದು ವಿಮರ್ಶೆಯಲ್ಲ, ಜನಗಣತಿ.

ಇದು ಉಡುಪಿಯ ವಿಷಯವಾದ್ದರಿಂದ ನನಗೆ ಇನ್ನೂ ಕೋಪ. ಸಿನಿಮಾ ಕಥೆಯನ್ನು ಎತ್ತಿ ಹೊಸೆದ ಯಕ್ಷಗಾನ ಪ್ರಸಂಗಗಳ ಮೇಲೆ ಆ ಸೀಮೆಯಲ್ಲಿ ನಡೆದಷ್ಟು ಜಗಳ ಇನ್ನೆಲ್ಲಾದರೂ ನಡೆದಿದೆಯೇ? ರಾತ್ರಿಯಿಡೀ ಆಟ ನೋಡಿ, ಬೆಳಿಗ್ಗೆ ಹೋಟೆಲಿನಲ್ಲಿ ಬನ್ಸ್ ಮುರಿಯುತ್ತ, ಭಾಗವತರು ಎಲ್ಲಿ ತಾಳ ಬಿಟ್ಟರು, ಯಾವ ವೇಷಕ್ಕೆ ಯಾವ ಮಾತು ಒಪ್ಪಲಿಲ್ಲ ಎಂದು ವಾದಿಸುವ ಜನ ಅವರು. ಅಲ್ಲಿ 'ಆಟ' ಎಂದರೆ ಯಕ್ಷಗಾನವೇ. ಆ ಆಟಕ್ಕೆ ಅಷ್ಟು ಕಟ್ಟುನಿಟ್ಟಿನ ಪ್ರೇಕ್ಷಕರಿದ್ದಾರೆ. ಅದೇ ಊರಿನಲ್ಲಿ ಹುಟ್ಟಿದ, ಅದೂ ಸಿನಿಮಾದಿಂದಲೇ ಹುಟ್ಟಿದ, ಈ ಆಟಕ್ಕೆ ಮಾತ್ರ ಚಪ್ಪಾಳೆ ಬಿಟ್ಟರೆ ಬೇರೇನೂ ಸಿಗಲಿಲ್ಲ.

ನಾನಿರುವುದು ಈಗ ಕಾಶಿಯಲ್ಲಿ. ಎಂಟೆಕ್ ಓದಿದ್ದು ಇಲ್ಲಿನ ಬಿಎಚ್‌ಯುನಲ್ಲಿ, ಆಮೇಲೆ ಬಹಳ ವರ್ಷ ಬೆಂಗಳೂರು, ಈಗ ಪ್ರಾಜೆಕ್ಟಿನ ನೆಪದಲ್ಲಿ ಮತ್ತೆ ಇದೇ ಊರು. ಇಲ್ಲಿ ವಿಮರ್ಶೆ ಮಾಡಲು ಯಾರೂ ಅಪ್ಪಣೆ ಕೇಳುವುದಿಲ್ಲ. ಅಸ್ಸಿಯ ಚಹಾ ಅಂಗಡಿಯಲ್ಲಿ ಸರ್ಕಾರ ಬೀಳುತ್ತದೆ, ಏಳುತ್ತದೆ. ಪಾನ್ ಕಟ್ಟುವವನಿಗೂ ಗಿರಿಜಾ ದೇವಿಯವರ ಠುಮ್ರಿಯ ಬಗ್ಗೆ ಸ್ವಂತ ಅಭಿಪ್ರಾಯವಿದೆ. 2014ರಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಬಂದು ಹನುಮಾನ್ ಘಾಟಿನ ಕರ್ನಾಟಕ ಛತ್ರದಲ್ಲಿ ಇಳಿದಿದ್ದಾಗ, ದೋಣಿಯವರ ಹುಡುಗನೊಬ್ಬ ಮೆಟ್ಟಿಲ ಮೇಲೆ ಕೂತು ಇದೇ ಧೂಮ್ ಆಟ ಆಡುತ್ತಿದ್ದ. ಹೇಗಿದೆ ಅಂತ ಕೇಳಿದೆ. ತಲೆ ಎತ್ತದೆ ಹೇಳಿದ: "ಭಯ್ಯಾ, ಗಾಡೀ ಮೇ ವಜನ್ ಹೀ ನಹೀ ಹೈ." ಗಾಡಿಗೆ ತೂಕವೇ ಇಲ್ಲ. ನಿಜವಾದ ಬೈಕನ್ನು ಬಗ್ಗಿಸಿದರೆ ತೊಡೆಗೆ ಭಾರ ಗೊತ್ತಾಗುತ್ತದೆ, ಇದು ಗಾಳಿಪಟದ ಹಾಗೆ ಹೋಗುತ್ತದೆ ಎಂದು ಆಮೇಲೆ ಬಿಡಿಸಿ ಹೇಳಿದ. ಆ ಆಟದ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು. ಕನ್ನಡದಲ್ಲಿ ಬರಬೇಕಾಗಿದ್ದದ್ದು ಭೋಜಪುರಿ ನಾಲಿಗೆಯ ಹಿಂದಿಯಲ್ಲಿ ಬಂತು.

ಹಾಗಂತ ಇಂಗ್ಲಿಷಿನವರ ವಿಮರ್ಶೆಯನ್ನೇ ಎತ್ತಿ ತಂದು ನೆಡೋಣ ಎನ್ನುತ್ತಿಲ್ಲ. ಅವರದು ಇನ್ನೊಂದು ರೋಗ. ಸಿನಿಮಾದಿಂದ ಬಂದ ಆಟ ಎಂದ ಕೂಡಲೇ ಅವರ ಮೂಗು ಮುರಿದಿರುತ್ತದೆ. 'ಫಾಸ್ಟ್ ಅಂಡ್ ಫ್ಯೂರಿಯಸ್' ಸಿನಿಮಾಗಳ ಆಟಗಳನ್ನೇ ನೋಡಿ. 2013ರ 'ಷೋಡೌನ್' ಆ ವರ್ಷದ ಅತಿ ಕೆಟ್ಟ ಆಟಗಳ ಸಾಲಿನಲ್ಲಿ ಕೂತಿತು. ನೂರಕ್ಕೆ ಮೂವತ್ತೈದರ ಪಾಸ್ ಅಂಕವೂ ಸಿಗಲಿಲ್ಲ. 2020ರ 'ಕ್ರಾಸ್‌ರೋಡ್ಸ್'ಗೂ ಅಂಥದೇ ಗತಿ: ಗಾಡಿಗೆ ಹಿಡಿತವಿಲ್ಲ, ಚಿತ್ರ ಹಳೆಯ ಕಾಲದ್ದು, ವಿನ್ ಡೀಸೆಲ್ ದನಿ ಕೊಟ್ಟದ್ದು ದಂಡ. ಎಲ್ಲವೂ ಸರಿ. ಆದರೆ ಬಹುಪಾಲು ಬೈಗುಳ ಬಿದ್ದದ್ದು ಆಟ ಮಾಡಿದವರ ತಲೆಯ ಮೇಲೆ. ಷೋಡೌನ್ ಮಾಡಿದ ಫೈರ್‌ಬ್ರಾಂಡ್, ಅದಕ್ಕೆ ಮೊದಲು ಪುಟ್ಟ ನಿಂಟೆಂಡೊ ಡಿಎಸ್‌ಗೆ 'ಟ್ರಾಕ್‌ಮೇನಿಯಾ' ಇಳಿಸಿ ಶಹಬ್ಬಾಸ್ ಎನ್ನಿಸಿಕೊಂಡಿದ್ದ ತಂಡ. ಕ್ರಾಸ್‌ರೋಡ್ಸ್ ಮಾಡಿದ ಸ್ಲೈಟ್ಲಿ ಮ್ಯಾಡ್ ಸ್ಟುಡಿಯೋಸ್, 'ಪ್ರಾಜೆಕ್ಟ್ ಕಾರ್ಸ್'ನಲ್ಲಿ ಟೈರಿನ ಬಿಸಿಯನ್ನೂ ಲೆಕ್ಕ ಹಾಕಿದ ಜನ. ಗಾಡಿಗೆ ತೂಕ ಕೊಡುವುದು ಅವರಿಗೆ ಗೊತ್ತಿರಲಿಲ್ಲವೇ?

ಗೊತ್ತಿತ್ತು. ಪುರುಸೊತ್ತು ಇದ್ದಿರಲಾರದು. ಇದು ನನ್ನ ಹೊಟ್ಟೆಪಾಡಿನ ವಿಷಯ, ಹಾಗಾಗಿ ಸ್ವಲ್ಪ ಅಧಿಕಾರದಿಂದಲೇ ಹೇಳುತ್ತೇನೆ. ಯಾವ ಪ್ರಾಜೆಕ್ಟಿಗೂ ಮೂರು ಹಗ್ಗ: ದಿನಾಂಕ, ದುಡ್ಡು, ಮಾಡಬೇಕಾದ ಕೆಲಸದ ಪಟ್ಟಿ. ಒಂದನ್ನು ಬಿಗಿದರೆ ಇನ್ನೊಂದನ್ನು ಸಡಿಲಿಸಬೇಕು. ಸಿನಿಮಾ ಆಟದಲ್ಲಿ ದಿನಾಂಕವನ್ನು ಚಿತ್ರದ ಬಿಡುಗಡೆ ಬಿಗಿಯುತ್ತದೆ, ಪಟ್ಟಿಯನ್ನು ಹಕ್ಕು ಕೊಟ್ಟವರು ಬಿಗಿಯುತ್ತಾರೆ, ದುಡ್ಡಂತೂ ಮೊದಲೇ ಬಿಗಿದಿರುತ್ತದೆ. ಉಳಿಯುವುದು ಒಂದೇ, ಗುಣಮಟ್ಟ. ಗುಣಮಟ್ಟಕ್ಕೆ ಮೀಟಿಂಗಿನಲ್ಲಿ ಬಾಯಿ ಇರುವುದಿಲ್ಲ. 1982ರಲ್ಲಿ ಅಟಾರಿಯ 'ಇ.ಟಿ.' ಆಟವನ್ನು ಕ್ರಿಸ್‌ಮಸ್ ವ್ಯಾಪಾರಕ್ಕೆಂದು ಒಬ್ಬನಿಂದ ಐದು ವಾರದಲ್ಲಿ ಬರೆಸಿದರು. ಮಾರಾಟವಾಗದ ಕಾರ್ಟ್ರಿಜ್‌ಗಳನ್ನು ನ್ಯೂ ಮೆಕ್ಸಿಕೋದ ಕಸದ ಗುಂಡಿಯಲ್ಲಿ ಹೂತರು, 2014ರಲ್ಲಿ ಅಗೆದೂ ತೆಗೆದರು. ಕ್ರಾಸ್‌ರೋಡ್ಸ್‌ನದು ಇನ್ನೂ ತಮಾಷೆ. ಕೋವಿಡ್‌ನಿಂದ ಸಿನಿಮಾ 2021ಕ್ಕೆ ಹೋಯಿತು, ಆಟ ಮಾತ್ರ 2020ರ ಆಗಸ್ಟಿನಲ್ಲೇ ಬಂತು. ಮದುವೆ ಮುಂದಕ್ಕೆ ಹೋದರೂ ಊಟ ಬಡಿಸಿಬಿಟ್ಟಂತೆ.

ತದ್ವಿರುದ್ಧವಾದ ಉದಾಹರಣೆಗಳೂ ಇವೆ. ಬಾಂಡ್ ಸಿನಿಮಾ 'ಗೋಲ್ಡನ್‌ಐ' 1995ರದು, ಆಟ ಬಂದದ್ದು 1997ರಲ್ಲಿ. ಸಿನಿಮಾದ ದಿನಾಂಕ ತಪ್ಪಿಸಿಕೊಂಡದ್ದೇ ಅದರ ಭಾಗ್ಯ. ಇಂದಿಗೂ ಜನ ಅದನ್ನು ನೆನೆಯುತ್ತಾರೆ. 2003ರ 'ನೀಡ್ ಫಾರ್ ಸ್ಪೀಡ್: ಅಂಡರ್‌ಗ್ರೌಂಡ್' ಅಂತೂ ಫಾಸ್ಟ್ ಅಂಡ್ ಫ್ಯೂರಿಯಸ್‌ನ ರಾತ್ರಿ ಬೀದಿ, ನಿಯಾನ್ ದೀಪ, ಸಿಂಗರಿಸಿದ ಕಾರು ಎಲ್ಲದರ ಗಾಳಿಯನ್ನು ಹೀರಿಕೊಂಡಿತು, ಆ ಹೆಸರಿನ ಹಂಗಿಲ್ಲದೆ. ಆ ಸಿನಿಮಾಗಳ ಅಧಿಕೃತ ಆಟಗಳಿಗಿಂತ ಆ ಸಿನಿಮಾಗಳಿಗೆ ಹೆಚ್ಚು ನಿಷ್ಠವಾದದ್ದು ಅದೇ ಎಂಬುದು ನನ್ನ ವಾದ.

ಈಗ ಉಡುಪಿಗೆ ಮರಳೋಣ. ಧೂಮ್ ಆಟ ಕೆಟ್ಟದ್ದೇ? ಅಲ್ಲ. ಷೋಡೌನ್ ಸಾವಿರಗಟ್ಟಲೆ ರೂಪಾಯಿಯ ಕನ್ಸೋಲಿಗೆ ಬಂದ ವರ್ಷದಲ್ಲೇ, ಉಡುಪಿಯವರು ನಮ್ಮ ಕೈಯಲ್ಲಿದ್ದ ಫೋನಿಗೆ, ವಿಂಡೋಸ್ ಫೋನನ್ನೂ ಬಿಡದೆ, ಪುಕ್ಕಟೆಯಾಗಿ ಕೊಟ್ಟರು. ನನ್ನ ಅಗ್ಗದ ಲೂಮಿಯಾದಲ್ಲಿ ಎಲ್ಲೂ ತಡವರಿಸದೆ ಓಡಿತು. ಆ ಕಸುಬುಗಾರಿಕೆ ಏನೆಂದು ಕೋಡ್ ಬರೆದವರಿಗೆ ಗೊತ್ತು. ಆದರೆ ಸಿನಿಮಾದಲ್ಲಿ ಓಡುವವನಿಗೆ ಕಾರಣವಿತ್ತು: ಬ್ಯಾಂಕು ಅಪ್ಪನ ಸರ್ಕಸ್ಸನ್ನು ಮುಳುಗಿಸಿತ್ತು, ಅಪ್ಪ ಕಣ್ಣೆದುರೇ ಪ್ರಾಣ ಕಳೆದುಕೊಂಡಿದ್ದ. ಆಟದಲ್ಲಿ ಓಟ ಮಾತ್ರ ಉಳಿಯಿತು. 'ಟೆಂಪಲ್ ರನ್' ತೋರಿಸಿಕೊಟ್ಟ, ಕೊನೆಯಿಲ್ಲದ ಓಟ. ಓಡು, ಬೀಳು, ಮತ್ತೆ ಓಡು. ಇಂಥ ಪುಕ್ಕಟೆ ಆಟಗಳಲ್ಲಿ ಆಟದ ನಡುವೆಯೇ ಒಂದು ಅಂಗಡಿ ಬಾಗಿಲು ತೆರೆದುಕೊಂಡಿರುತ್ತದೆ. ಆ ಅಂಗಡಿ ಆಟದ ಲಯವನ್ನು ಏನು ಮಾಡುತ್ತದೆ, ಹದಿಮೂರರ ಹುಡುಗನನ್ನು ಏನು ಮಾಡುತ್ತದೆ? ಇವು ವಿಮರ್ಶಕ ಕೇಳಬೇಕಾದ ಪ್ರಶ್ನೆಗಳು. ಯಾರೂ ಕೇಳದಿದ್ದರೆ ಮಾಡಿದವರಿಗೆ ಸಿಗುವುದು ಐದು ನಕ್ಷತ್ರ, ಒಂದು ನಕ್ಷತ್ರ, 'ಸೂಪರ್', 'ವೇಸ್ಟ್'.

ಇನ್ನು, ಗೇಮುಗಳು ನಮ್ಮ ಪತ್ರಿಕೆಗಳಿಗೆ ನೆನಪಾಗುವ ಇನ್ನೊಂದು ಸಂದರ್ಭವಿದೆ: ಬೆಂಗಳೂರಿನಲ್ಲಿ ಹುಡುಗನೊಬ್ಬ ವೀಲಿ ಮಾಡಿ ಬಿದ್ದಾಗ. ಆಗ ಎಲ್ಲರಿಗೂ ಗೇಮುಗಳ ಬಗ್ಗೆ ಗೊತ್ತಿರುತ್ತದೆ! ಒಂದನ್ನೂ ಆಡದವರು ಹೇಳಿಕೆ ಕೊಡುತ್ತಾರೆ. ಯಾವ ಆಟ ಬೀಳುವ ನೋವನ್ನು ತೋರಿಸುತ್ತದೆ, ಯಾವುದು ಬಿದ್ದವನನ್ನು ಎರಡು ಸೆಕೆಂಡಿಗೆ ಎಬ್ಬಿಸಿ ಕೂರಿಸುತ್ತದೆ ಎಂಬ ವ್ಯತ್ಯಾಸ ಅಲ್ಲಿ ಬರುವುದೇ ಇಲ್ಲ. ಹೊಗಳುವಾಗಲೂ ಆಡಿರುವುದಿಲ್ಲ, ಬೈಯುವಾಗಲೂ ಆಡಿರುವುದಿಲ್ಲ.

ಕ್ರಾಸ್‌ರೋಡ್ಸನ್ನು 2022ರಲ್ಲಿ ಆನ್‌ಲೈನ್ ಅಂಗಡಿಗಳಿಂದ ತೆಗೆದುಹಾಕಿದರು. ಆ ಆಟ ಹೇಗಿತ್ತು ಎಂದು ತಿಳಿಯಬೇಕಾದವನಿಗೆ ಇನ್ನು ಮುಖ್ಯ ಆಧಾರ ಆ ಕಟು ವಿಮರ್ಶೆಗಳೇ. ಧೂಮ್ ಆಟಕ್ಕೆ ಕನ್ನಡದಲ್ಲಿ ಅಷ್ಟೂ ಇಲ್ಲ. ನನ್ನ ಲೂಮಿಯಾದ ಬ್ಯಾಟರಿ ಊದಿಕೊಂಡು ಮೂರು ವರ್ಷವಾಯಿತು.

ಸಂಪಾದಕರೇ, ತಿಂಗಳಿಗೊಂದು ಪುಟ ಕೊಡುತ್ತೀರಾ? ಮೊದಲನೆಯದನ್ನು ನಾನೇ ಬರೆದು ಕಳಿಸುತ್ತೇನೆ, 'ಸ್ಟಾರ್ ಶೆಫ್' ಬಗ್ಗೆ. ಧೂಮ್ ಮಾಡಿದ ಮರುವರ್ಷವೇ, 2014ರಲ್ಲಿ, ಅದೇ 99ಗೇಮ್ಸ್ ತಂದ ಅಡುಗೆ ಆಟ. ಸಿನಿಮಾದ ಹಂಗಿಲ್ಲ, ಬಿಡುಗಡೆಯ ಶುಕ್ರವಾರವಿಲ್ಲ, ಮತ್ತು ಹೋಟೆಲಿಗೇ ಹೆಸರಾದ ಊರಿನವರು ಅಡುಗೆಮನೆಯ ಮೇಲೆ ಮಾಡಿದ ಆಟ. ಅದರಲ್ಲಿ ಮಸಾಲೆ ದೋಸೆಯ ಕಾವು ಎಷ್ಟು ಸರಿಯಿದೆ ಎಂಬುದರ ಬಗ್ಗೆ ನನ್ನದೊಂದೆರಡು ತಕರಾರುಗಳಿವೆ.