ಮದ್ದಿನ ಖರ್ಚು ಯಾರ ಪುಸ್ತಕದಲ್ಲಿ?



"ಮದ್ದು ಹೊಡೆಯದಿದ್ದರೆ ಬೆಳೆ ಹೋಗುತ್ತದೆ. ಬೆಳೆ ಹೋದರೆ ತೋಟ ಮುಚ್ಚುತ್ತದೆ. ತೋಟ ಮುಚ್ಚಿದರೆ ನಿಮ್ಮ ಒಲೆ ಆರುತ್ತದೆ." ಈ ಮಾತನ್ನು ಮೇಸ್ತ್ರಿಯ ಬಾಯಿಂದ ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಈಗ ನಮ್ಮ ಸಂಘದ ಕೆಲವರೂ ಇದನ್ನೇ ಹೇಳತೊಡಗಿದ್ದಾರೆ. ಆದುದರಿಂದ ಸುಮ್ಮನಿರುವುದು ತಪ್ಪು.

ನಮ್ಮ ಭಾಷೆಯ ಜನರೇ ಇರುವ ಕಾಸರಗೋಡಿನ ಗೇರುಗುಡ್ಡಗಳನ್ನು ನೋಡಿರಿ. ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು, ಸರ್ಕಾರದ್ದೇ ಆದ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ 1970ರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿತು. ಗೇರುಮರ ಇದ್ದುದು ಗುಡ್ಡದ ಮೇಲೆ. ಪಡ್ರೆ, ಸ್ವರ್ಗ ಮುಂತಾದ ಊರುಗಳ ಮನೆಗಳು ಇದ್ದುದು ತಗ್ಗಿನಲ್ಲಿ. ಗಾಳಿಗೆ ಗಡಿಕಲ್ಲು ಉಂಟೇ? ಗುಡ್ಡದಿಂದ ಇಳಿಯುವ ಮಳೆನೀರಿಗೆ ಬೇಲಿ ಉಂಟೇ?

ತೋಟದ ಲೆಕ್ಕ ಹೇಗಿರುತ್ತದೆಂದು ನಮಗೆಲ್ಲಾ ಗೊತ್ತು. ಒಂದು ಕಡೆ ಮದ್ದಿನ ಬೆಲೆ, ಯಂತ್ರದ ಬಾಡಿಗೆ, ಆಳಿನ ಕೂಲಿ. ಇನ್ನೊಂದು ಕಡೆ ಗೇರುಬೀಜ ಮಾರಿದ ಹಣ. ಕಳೆದು ಉಳಿದದ್ದು ಲಾಭ. ಆದರೆ ಕೆಳಗಿನ ಮನೆಯ ಹಟ್ಟಿಯಲ್ಲಿ ಕಾಲು ತಿರುಚಿ ಹುಟ್ಟಿದ ಕರುವಿಗೆ ಆ ಪುಸ್ತಕದಲ್ಲಿ ಜಾಗವಿಲ್ಲ. ಅಂಥ ಕರುಗಳ ವಿಷಯವನ್ನು ಪತ್ರಕರ್ತ ಶ್ರೀ ಪಡ್ರೆಯವರು 1979ರಲ್ಲೇ ಬರೆದರು, ಯಾರೂ ಕಿವಿಗೊಡಲಿಲ್ಲ. ಮಲಗಿದಲ್ಲೇ ಇರುವ ಮಗುವನ್ನು ಬಿಟ್ಟು ಬೀಡಿ ಕಟ್ಟಲಿಕ್ಕೂ ಹೋಗಲಾರದ ತಾಯಿಯ ಕೂಲಿ ನಷ್ಟಕ್ಕೂ ಅಲ್ಲಿ ಜಾಗವಿಲ್ಲ. ಖರ್ಚು ಆಗಲಿಲ್ಲವೆಂದಲ್ಲ, ಖರ್ಚನ್ನು ಕೆಳಗಿನ ಮನೆಯವರ ಮೇಲೆ ಬರೆದರು.

ಲೆಕ್ಕಕ್ಕೆ ಬಾರದ ಉಪಕಾರವೂ ಒಂದುಂಟು. ಗೇರುಹೂವು ಕಾಯಿ ಕಟ್ಟಬೇಕಾದರೆ ಜೇನು, ಇರುವೆ, ನೊಣಗಳು ಬೇಕು. ಊರವನು ತನ್ನ ಅಂಗಳದಲ್ಲಿಟ್ಟ ಪೆಟ್ಟಿಗೆಯ ಜೇನು, ತೋಟದ ಹೂವಿನಲ್ಲಿ ಕೂಲಿಯಿಲ್ಲದೆ ದುಡಿಯುತ್ತದೆ. ಹೂವಿನ ಕಾಲದಲ್ಲೇ ವಿಷ ಹೊಡೆದರೆ ಆ ಬಿಟ್ಟಿ ಆಳುಗಳೂ ಸಾಯುತ್ತವೆ. ಪಡೆದ ಉಪಕಾರಕ್ಕೆ ಕಾಸು ಕೊಡಲಿಲ್ಲ, ಮಾಡಿದ ಅಪಕಾರಕ್ಕೂ ಕಾಸು ಕೊಡಲಿಲ್ಲ. ಇದು ಯಾವ ನ್ಯಾಯ?

"ಬೇಕೆಂದು ಮಾಡಿದ್ದಲ್ಲ" ಎನ್ನುತ್ತಾರೆ. ಒಪ್ಪೋಣ. ವಿಮೋಚನಕಾಂಡದ 22ನೇ ಅಧ್ಯಾಯವನ್ನು ತೆರೆದು ನೋಡಿರಿ. ಒಬ್ಬನು ಹೊತ್ತಿಸಿದ ಬೆಂಕಿ ಮುಳ್ಳುಪೊದೆಗೆ ತಗಲಿ ನೆರೆಯವನ ಪೈರನ್ನು ಸುಟ್ಟರೆ, ಹೊತ್ತಿಸಿದವನೇ ನಷ್ಟ ತುಂಬಬೇಕೆಂಬುದು ಅಲ್ಲಿಯ ಕಟ್ಟಳೆ. ನಿನ್ನ ಮನಸ್ಸಿನಲ್ಲಿ ಏನಿತ್ತೆಂದು ಆ ಕಟ್ಟಳೆ ಕೇಳುವುದಿಲ್ಲ.

"ಎಲ್ಲ ಕಾಯಿಲೆಗೂ ಮದ್ದೇ ಕಾರಣವೆಂದು ಸಿದ್ಧವಾಗಿಲ್ಲ" ಎಂಬುದು ಎರಡನೆಯ ವಾದ. ತಜ್ಞರಲ್ಲಿ ಭಿನ್ನಮತವಿರುವುದು ನಿಜ. ಆದರೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪರೀಕ್ಷಿಸಿದಾಗ ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಕಂಡುಬಂತು. ನನ್ನ ಪ್ರಶ್ನೆ ಇಷ್ಟೇ: ಮದ್ದು ನಿರಪಾಯವೆಂದು ಸುರಿಸುವವನು ಮೊದಲು ಸಾಬೀತು ಮಾಡಬೇಕೋ, ಅಥವಾ ಕಾಯಿಲೆಯ ಮಗುವನ್ನು ಸೊಂಟದಲ್ಲಿ ಹೊತ್ತ ತಾಯಿ ಆಮೇಲೆ ಸಾಬೀತು ಮಾಡಬೇಕೋ?

ಪರಿಹಾರದ ಕತೆ ಕೇಳಿರಿ. 1998ರಲ್ಲಿ ಕೃಷಿ ಇಲಾಖೆಯ ನೌಕರಳಾದ ಲೀಲಾಕುಮಾರಿ ಅಮ್ಮ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಈ ಮದ್ದನ್ನು ನಿಲ್ಲಿಸಿತು. 2017ರ ಜನವರಿಯಲ್ಲಿ, ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿರೆಂದು ಕೇರಳ ಸರ್ಕಾರಕ್ಕೆ ಆಜ್ಞೆ ಮಾಡಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ವಿಚಾರಿಸಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ! ಲಾಭದ ಹಣ ವರ್ಷ ವರ್ಷ ಲೆಕ್ಕಕ್ಕೆ ಬಂತು. ನಷ್ಟದ ಹಣಕ್ಕೆ ಇಪ್ಪತ್ತೆರಡು ವರ್ಷ ಕಾಯಬೇಕಾಯಿತು.

ತೋಟ ಮುಚ್ಚಿತೇ? ಇಲ್ಲ. ಹೆಲಿಕಾಪ್ಟರ್ ನಿಂತು ಇಪ್ಪತ್ತು ವರ್ಷಗಳ ಮೇಲಾಯಿತು. ಕಾರ್ಪೊರೇಷನ್ನಿನ ಗೇರುತೋಟಗಳು ಅಲ್ಲೇ ಇವೆ. ಮೇಸ್ತ್ರಿಯ ಬೆದರಿಕೆಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೇ?

ಇನ್ನು ನಮ್ಮ ತಪ್ಪನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಘಟ್ಟದ ತೋಟದಲ್ಲಿ ಮದ್ದು ಹೊಡೆಯುವವರಿಗೆ ದಿನಕ್ಕೆ ಕೆಲವು ರೂಪಾಯಿ ಹೆಚ್ಚು ಭತ್ತೆ ಕೊಡಿಸಿ, ಗೆದ್ದೆವೆಂದು ಚಪ್ಪಾಳೆ ತಟ್ಟಿದೆವು. ಆ ಸಭೆಯಲ್ಲಿ ನಾನೂ ಕೈ ಎತ್ತಿದ್ದೆ. ಸಂಜೆ ಆ ಮದ್ದಿನ ಅಂಗಿಯನ್ನು ತೋಡಿನಲ್ಲಿ ಒಗೆದವಳು ಹೆಂಡತಿ. ಆ ತೋಡಿನ ನೀರನ್ನು ಕೊಡದಲ್ಲಿ ತುಂಬಿದವರು ಕೆಳಗಿನ ಕಾಲೊನಿಯವರು. ಅವರಿಗೆ ಯಾವ ಭತ್ತೆ? ಅವರು ನಮ್ಮ ಸಂಘದ ಸದಸ್ಯರಲ್ಲವೆಂದು ನಾವು ಕೇಳಲೇ ಇಲ್ಲ. ಮಾಲೀಕರ ಪುಸ್ತಕದಲ್ಲಿ ಬಿಟ್ಟುಹೋದ ಸಾಲು ನಮ್ಮ ಬೇಡಿಕೆ ಪತ್ರದಲ್ಲೂ ಬಿಟ್ಟುಹೋಗಿತ್ತು.

ಆದುದರಿಂದ ಮುಂದಿನ ಬೇಡಿಕೆ ಪತ್ರದಲ್ಲಿ ಕೂಲಿಯ ಕೆಳಗೆ ಈ ನಾಲ್ಕು ಸಾಲುಗಳು ಬರಬೇಕು: ಮದ್ದಿನ ಹೆಸರನ್ನು ನಮ್ಮ ಭಾಷೆಯಲ್ಲಿ ಬರೆದು ಮುಂಚಿತವಾಗಿ ಹಚ್ಚಬೇಕು. ಮದ್ದಿನ ಬಟ್ಟೆ ಮನೆಗೆ ಬಾರದಂತೆ ತೋಟದಲ್ಲೇ ಒಗೆಯುವ ವ್ಯವಸ್ಥೆಯಾಗಬೇಕು. ಕೆಳಗಿನ ಕಾಲೊನಿಯ ನೀರನ್ನು ತೋಟದ ಖರ್ಚಿನಲ್ಲಿ ಪರೀಕ್ಷಿಸಬೇಕು. ಕಾಯಿಲೆ ಬಿದ್ದವರ ಚಿಕಿತ್ಸೆಯ ಖರ್ಚನ್ನು, ಅವರು ಚೆಕ್‌ರೋಲಿನಲ್ಲಿ ಇರಲಿ ಇಲ್ಲದಿರಲಿ, ತೋಟವೇ ಹೊರಬೇಕು.

ಭತ್ತೆ ಸಾಕು ಎನ್ನುವ ಸಹೋದರರಿದ್ದರೆ ಸಭೆಗೆ ಬಂದು ಹೇಳಲಿ. ಆದರೆ ಬರುವ ಮೊದಲು ತೋಡಿನ ದಾರಿಯಲ್ಲಿ ಕೆಳಗಿನ ಕಾಲೊನಿಯ ತನಕ ಒಮ್ಮೆ ನಡೆದು ಬರಲಿ.